ಬಿಯರ್ ತೋಟದ ಗಂಗೂ

ಭಾವಿಕೇರಿಗೆ ಅಬ್ಬಲಿಗೆ ಹೂವು ತಂದವಳೇ ನಾನು. ನಾನು ಮದುವೆಯಾಗಿ ಬರುವವರೆಗೆ ಈ ಊರಿನ ಹೆಂಗಸರ ಮುಡಿ ಖಾಲಿಯಿತ್ತು. ಇದರಲ್ಲಿ ಅರ್ಧ ಸುಳ್ಳು. ತಂದದ್ದು ಒಂದೇ ಗಿಡ, ಅದೂ ನನ್ನ ಅಂಗಳದಲ್ಲಿ ಒಣಗುತ್ತಿತ್ತು. ಎತ್ತಿಕೊಂಡು ಹೋಗಿ ಬದುಕಿಸಿದವಳು ಬೇಲಿಯಾಚೆಯ ಗಂಗೂ.

ಅದೇ ಗಂಗೂ ಈಗ ಬಾಳೆಗುಳಿ ಹತ್ತಿರದ ಬಿಯರ್ ತೋಟದಲ್ಲಿ ಬಗ್ಗಿ ನಿಂತಿದ್ದಾಳೆ. ಬೆಳಗಿನ ಆರು ಗಂಟೆ. ಹಿಂದಿನ ಶೆಡ್ಡಿನಲ್ಲಿ ಆನೆ ಗಾತ್ರದ ಸ್ಟೀಲ್ ಹಂಡೆಗಳು, ಬಿಯರ್ ತಯಾರಾಗುವುದು ಅವುಗಳಲ್ಲೇ. ಮುಂದೆ ಎರಡೆಕರೆ ಹೂವು, ಹರಿವೆ ಸೊಪ್ಪು, ಹುಲ್ಲುಹಾಸು, ನಡುನಡುವೆ ಇಪ್ಪತ್ತೆರಡು ಮೇಜು. ಗೋವಾ, ಹುಬ್ಬಳ್ಳಿ ಕಡೆಯವರು ಕಾರಿನಲ್ಲಿ ಬಂದು ಇಡೀ ದಿನ ಕಾಲು ಚಾಚಿ ಕೂರುತ್ತಾರೆ. ಅವರು ಬರುವುದರೊಳಗೆ ಗಂಗೂ ನೂರಾ ಹತ್ತು ಕುಂಡಗಳಿಗೆ ನೀರು ಹಾಕಿ ಮುಗಿಸುತ್ತಾಳೆ. ಈ ಲೆಕ್ಕ ಅವಳದ್ದು, ನಾನಾಗಿದ್ದರೆ ಸಾವಿರ ಅನ್ನುತ್ತಿದ್ದೆ.

ಇವತ್ತು ನಾನೂ ಬಂದಿದ್ದೇನೆ, ದುಡಿಯಲಿಕ್ಕಲ್ಲ, ಕೂರಲಿಕ್ಕೆ. ಸಂಜೆ ಗೇಟಿಗೆ ಬೋರ್ಡು ಹಾಕುತ್ತಾರೆ, ತೋಟ ಬೆಳೆಸಿದವರ ಹೆಸರು ಅದರಲ್ಲಿ ಇರುತ್ತದಂತೆ. ಮಾಲೀಕ ಶಾಂತಾರಾಮ ಹಾಗೆಂದ ದಿನದಿಂದ ಗಂಗೂ ಊರಲ್ಲಿ ಹೇಳದ ಮನೆಯಿಲ್ಲ. ಅವಳಿಗೆ ಓದು ಬರುವುದಿಲ್ಲ. ಓದಿ ಹೇಳಲು ಮೂರನೇ ಇಯತ್ತೆ ಪಾಸಾದ ನಾನು ಬೇಕು.

"ನನ್ನ ಹೆಸ್ರು ದೊಡ್ಡದಾಗಿ ಬರೀತ್ರೋ ಏನೋ ಹೀರಕ್ಕಾ."

"ಬರೀಲಿ. ಓದೂಕೆ ಅಂತ ಕಾರು ನಿಂತು ನಿಂತು ಹೈವೇನೇ ಬಂದ್ ಆತದೆ ಮಾರಾಯ್ತಿ."

ನಕ್ಕಳು. ಚುಚ್ಚಿದರೂ ಅವಳಿಗೆ ಸಿಟ್ಟು ಬರುವುದಿಲ್ಲ. ನನ್ನ ಹೊಟ್ಟೆಕಿಚ್ಚಿಗೆ ಅದೂ ಒಂದು ಕಾರಣ.

ಅವಳ ಗಂಡ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಇಪ್ಪತ್ತು ವರ್ಷ ಅವಳು ತರಕಾರಿ ಬುಟ್ಟಿ ಹೊತ್ತು ಅಂಕೋಲೆ ಪೇಟೆಗೆ ನಡೆದಳು. ಮೊಣಕಾಲು ಹೋದ ಮೇಲೆ ಇಲ್ಲಿಗೆ ಬಂದಳು. ಆಗ ಇದು ಬರೀ ಕೆಂಪು ಕಲ್ಲಿನ ಬಯಲು. ಗೋವಾದ ಒಂದು ಕಂಪನಿಯವರು ಎರಡು ದಿನ ಏನೇನೋ ಗಿಡ ನೆಟ್ಟು, ಫೋಟೋ ತೆಗೆದು ಹೋದರು. ಮೊದಲ ಮಳೆಗೇ ಎಲ್ಲ ಕೊಳೆತವು. ಈಗಿರುವ ಒಂದೊಂದು ಗಿಡವೂ ಗಂಗೂ ಬೆಳೆಸಿದ್ದು.

ಬಿಯರಿಗೆ ರಸ ತೆಗೆದ ಬಾರ್ಲಿ ದಿನಕ್ಕೆ ಆರು ಬುಟ್ಟಿ ಉಳಿಯುತ್ತದೆ. ಅದನ್ನು ಒಣಗಿದ ಎಲೆ, ಸಗಣಿಯ ಜೊತೆ ಪದರ ಪದರವಾಗಿ ಒಟ್ಟಿ ಎರಡು ತಿಂಗಳು ಕೊಳೆಸುತ್ತಾಳೆ. "ಬಿಸಿ ಇಳಿಯೂವರಿಗೆ ಗಿಡದ ಹತ್ರ ಒಯ್ಬಾರ್ದು. ಬೇರು ಬೆಂದ್ಹೋತದೆ," ಅನ್ನುತ್ತಾಳೆ.

ಇದು ನನಗೆ ತಡವಾಗಿ ಗೊತ್ತಾಯಿತು. ಅವಳ ಹೂವು ನೋಡಲಾಗದೆ ಹೋದ ವರ್ಷ ನಾನು ಇಲ್ಲಿಂದ ಹಸಿ ಬಾರ್ಲಿಯನ್ನೇ ಒಂದು ಬಕೆಟ್ ಕದ್ದು ತಂದು ನನ್ನ ಮಲ್ಲಿಗೆ ಬುಡಕ್ಕೆ ಸುರಿದಿದ್ದೆ. ನಾಲ್ಕೇ ದಿನದಲ್ಲಿ ಗಿಡ ಕರಟಿತು. ಇಡೀ ಅಂಕೋಲಾ ತಾಲೂಕಿನ ನೊಣ ನನ್ನ ಅಂಗಳಕ್ಕೆ ಬಂತು. ಗಂಗೂ ಬೇಲಿ ಮೇಲಿಂದ ನೋಡಿದಳು. ಮರುದಿನ ನನ್ನ ಬಾಗಿಲಲ್ಲಿ ಒಂದು ಬುಟ್ಟಿ ಹಣ್ಣಾದ ಗೊಬ್ಬರ ಇತ್ತು. ಬೈದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು.

ಹನ್ನೊಂದಕ್ಕೆ ಮೇಜುಗಳು ತುಂಬುತ್ತವೆ. ನಾನು ಮಾವಿನ ನೆರಳಲ್ಲಿ ಮುರುಗಲ ಶರಬತ್ತು ಹಿಡಿದು ಮಹಾರಾಣಿಯ ಹಾಗೆ ಕೂತಿದ್ದೇನೆ. ಬಿಯರಿಗೂ ಒಂದು ಬೆರಳು ಅದ್ದಿ ನೋಡಿದೆ, ಹುಳಿ ಗಂಜಿಗೆ ಬೇವು ಹಿಂಡಿದ ಹಾಗಿತ್ತು. ಪಕ್ಕದ ಮೇಜಿನ ಹುಡುಗಿ, "ಅಯ್ಯೋ, ಎಷ್ಟು ಚಂದದ ತೋಟ!" ಎನ್ನುತ್ತಾಳೆ. ಕಳೆಯ ಬುಟ್ಟಿ ಹೊತ್ತ ಗಂಗೂ ಅವಳ ಹಿಂದೆಯೇ ಹಾದು ಹೋಗುತ್ತಾಳೆ.

"ಒಂದಿನ ಆದ್ರೂ ಕೂತಿದ್ಯೇನೇ ಇಲ್ಲಿ?" ಎಂದು ಕೇಳುತ್ತೇನೆ.

"ಕೂತ್ರೆ ಕಳೆ ಕಾಣ್ತದೆ ಹೀರಕ್ಕಾ. ಮತ್ತೆ ಏಳೂದೇ."

ಸುಳ್ಳು ಯಾಕೆ ಹೇಳಲಿ, ಇಡೀ ದಿನ ಕೂತು ನಾನು ಒಂದೇ ಬೇಡಿಕೊಂಡೆ: ಬೋರ್ಡಿನಲ್ಲಿ ಅವಳ ಹೆಸರು ಇರದಿರಲಿ.

ಐದು ಗಂಟೆಗೆ ಮ್ಯಾನೇಜರ್ ವಿಕಾಸ ಬೋರ್ಡನ್ನು ಗೇಟಿಗೆ ಹಾಕಿಸಿ ಒಳಗೆ ಹೋಗುತ್ತಾನೆ. ಗಂಗೂ ಮುಖ ತೊಳೆದು ಬಂದು ನನ್ನ ಕೈ ಹಿಡಿದು ಎಳೆಯುತ್ತಾಳೆ. ಬೋರ್ಡಿನಲ್ಲಿ ಮೂರು ಸಾಲು. ಅಕ್ಷರ ಕೂಡಿಸಿ ಕೂಡಿಸಿ ಓದಿಕೊಳ್ಳುತ್ತೇನೆ. ಮೊದಲನೆಯದು ಬಿಯರ್ ತೋಟದ ಹೆಸರು. ಎರಡನೆಯದು ತೋಟ ಮಾಡಿದವರದ್ದು, ಆ ಗೋವಾ ಕಂಪನಿಯದ್ದು. ಮೂರನೆಯದು, "ಹೂ ಕೀಳಬೇಡಿ." ಗಂಗೂ ಎಲ್ಲಿಯೂ ಇಲ್ಲ. ಬೇಡಿಕೊಂಡದ್ದು ಸಿಕ್ಕಿದೆ, ಆದರೂ ಮೇಲಿನಿಂದ ಮತ್ತೊಮ್ಮೆ ಓದಿ ಹುಡುಕುತ್ತೇನೆ.

ಅವಳು ಮೂರನೇ ಸಾಲಿನ ಮೇಲೆ ಬೆರಳಿಡುತ್ತಾಳೆ.

"ಇದೇ ನಂದು, ಅಲ್ದಾ ಹೀರಕ್ಕಾ? ಗಟ್ಟಿ ಓದು. ಒಳಗಿನವ್ರಿಗೂ ಕೇಳ್ಲಿ."

ಗಟ್ಟಿಯಾಗಿಯೇ ಓದಿದೆ, ಬೋರ್ಡಿನಲ್ಲಿ ಇಲ್ಲದ್ದನ್ನೇ. ಏನೆಂದು ಓದಿದೆ, ನೀವೇ ಹೇಳಿ ನೋಡೋಣ.