ಸಸಿಯ ಫೋಟೋದ ಹಿಂಬದಿ

ನನ್ನ ಮಗಳು ಹುಟ್ಟಿದ್ದು ಯಾವ ವಾರ ಎಂದು ಕೇಳಿದರೆ ನಾನು ಹೆಂಡತಿಯ ಮುಖ ನೋಡಬೇಕು. ನನ್ನ ಆಂಥೂರಿಯಂ ಸಸಿ ಮೂರನೆಯ ಎಲೆ ಬಿಟ್ಟದ್ದು ಮಾತ್ರ ಗುರುವಾರ ಬೆಳಿಗ್ಗೆ, ಶಾಲೆಗೆ ಹೊರಡುವ ಮೊದಲು. ಈಗ ಇದನ್ನು ಹೇಳಲು ಸಂಕೋಚ. ಆಗ ಹೆಮ್ಮೆಯಿತ್ತು.

ಆಗ ಎಂದರೆ ತೊಂಬತ್ತರ ದಶಕದ ಕೊನೆ. ನಾನು ಶಿರಸಿಯಲ್ಲಿ ಹೈಸ್ಕೂಲು ಮಾಸ್ತರ. ಬಾಡಿಗೆ ಮನೆಯ ಅಂಗಳದಲ್ಲಿ ನಲವತ್ತು ಕುಂಡಗಳ ಯಜಮಾನ. ದೊಡ್ಮನೆ ಎಂಬ ಊರಿನ ಗಣಪತಣ್ಣ ಸೇರಿ ನಮ್ಮಂಥ ಏಳೆಂಟು ಹೂಗಿಡದ ಹುಚ್ಚರು ಸುತ್ತಲಿನ ತಾಲೂಕುಗಳಲ್ಲಿ ಚದುರಿಕೊಂಡಿದ್ದೆವು. ಮೊದಲು ಸಸಿಯನ್ನೇ ಕೊಟ್ಟು ತೆಗೆದುಕೊಳ್ಳುತ್ತಿದ್ದೆವು. ಕೊಟ್ಟ ಸಸಿ ಇನ್ನೊಬ್ಬರ ಅಂಗಳದಲ್ಲಿ ನಮ್ಮದಕ್ಕಿಂತ ಚೆನ್ನಾಗಿ ಬರತೊಡಗಿದ ಮೇಲೆ ನಮ್ಮ ಔದಾರ್ಯ ಫೋಟೋಕ್ಕೆ ಇಳಿಯಿತು. ಫೋಟೋ ಕೊಟ್ಟರೆ ಬೇರು ಕೈಬಿಟ್ಟು ಹೋಗುವುದಿಲ್ಲ. ಕಾಟ ಕೊಡುವ ಸಸಿಯನ್ನು ಮಾತ್ರ ಆಮೇಲೂ ಸಂತೋಷದಿಂದ ದಾಟಿಸುತ್ತಿದ್ದೆವು.

ಫೋಟೋ ತೆಗೆದು, ಹಿಂಬದಿಗೆ ಸಸಿಯ ಪೂರ್ವಾಪರ ಬರೆದು, ಲಕೋಟೆಗೆ ಹಾಕಿ ಟಪಾಲಿಗೆ ಬಿಡುವುದು ಪದ್ಧತಿ. ಹೂ ಬಿಟ್ಟ ಗಿಡದ ಫೋಟೋ ಕಳಿಸುವುದು ನಮ್ಮಲ್ಲಿ ಸ್ವಲ್ಪ ಒರಟುತನವೆನಿಸುತ್ತಿತ್ತು. ಹೂವನ್ನು ಯಾರು ಬೇಕಾದರೂ ಮೆಚ್ಚುತ್ತಾರೆ. ಎರಡೆಲೆಯನ್ನು ಮೆಚ್ಚಲು ಸಂಸ್ಕಾರ ಬೇಕು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದ ಹಿರಿಯರು ಹತ್ತು ಮೊಳಕೆಗಳನ್ನು ಒಟ್ಟಿಗೆ ನೋಡಿರಲಿಕ್ಕಿಲ್ಲ. ಡೇಲಿಯಾ, ಬದನೆ, ಬೇಲಿಯ ಕಳೆ, ಎಲ್ಲದರದ್ದೂ ಆ ವಯಸ್ಸಿನಲ್ಲಿ ಒಂದೇ ಸಿರಿ. ಆದರೂ ಗಣಪತಣ್ಣ ಉತ್ತರ ಬರೆಯುತ್ತಿದ್ದ: 'ಎಲೆಯ ನಿಲುವಿನಲ್ಲೇ ಗತ್ತಿದೆ.' ನಾನೂ ಅವನ ಮೊಳಕೆಗಳಲ್ಲಿ ತಪ್ಪದೆ ಗತ್ತು ಕಾಣುತ್ತಿದ್ದೆ. ಸ್ನೇಹ ಚೆನ್ನಾಗಿ ನಡೆದಿತ್ತು.

ಆ ವರ್ಷ ಮಗಳು ಸುಮಾ ಬಿ.ಕಾಂ. ಮುಗಿಸಿದಳು. ಇಡಗುಂದಿಯ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ತಾಯಿ ಫೋಟೋ ಕೇಳಿದ್ದರು. ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ಎಂದಳು ಹೆಂಡತಿ ಸರಸ್ವತಿ. ಮನೆಯಲ್ಲೇ ಕ್ಯಾಮೆರಾ ಇರುವಾಗ ಸ್ಟುಡಿಯೋ ಏಕೆ? ಮೂವತ್ತಾರರ ರೀಲಿನಲ್ಲಿ ಮೂವತ್ತೈದು ಸಸಿಗಳಿಗೆ ಹೋಗಿ ಒಂದು ಉಳಿದಿತ್ತು. ಸುಮಾಳನ್ನು ಕುಂಡಗಳ ಪಕ್ಕ ನಿಲ್ಲಿಸಿ ಅದನ್ನು ಮುಗಿಸಿದೆ.

"ಕಣ್ಣು ಮುಚ್ಚಿಹೋತು ಅಪ್ಪಾ, ಇನ್ನೊಂದು ತೆಗಿ" ಎಂದಳು. ರೀಲು ಮುಗಿದಿತ್ತು.

ಪ್ರಿಂಟು ಬಂದ ಸಂಜೆ ಫೋಟೋಗಳನ್ನು ಬೋರಲು ಜೋಡಿಸಿಟ್ಟುಕೊಂಡು ಹಿಂಬದಿಗೆ ಬರೆಯುತ್ತ ಹೋದೆ. ತೆಗೆದ ಕ್ರಮ ಬಾಯಿಪಾಠವಾಗಿತ್ತು; ತಿರುವಿ ನೋಡಬೇಕೆನಿಸಲಿಲ್ಲ. ಕೊನೆಯ ಎರಡು ಹೇಗೋ ಅದಲುಬದಲಾಗಿದ್ದವು. ಮರುದಿನ ಲಕೋಟೆಗೆ ಹಾಕುವಾಗ ಮುಖ ನೋಡಿಯೇ ಹಾಕಿದೆ. ಮಗಳದ್ದು ಇಡಗುಂದಿಗೆ, ಆಂಥೂರಿಯಂ ದೊಡ್ಮನೆಗೆ.

ವಾರದ ಮೇಲೆ ಹುಡುಗನ ತಾಯಿಯ ಫೋನು ಬಂತು.

"ಫೋಟೋ ಬಂತು. ಕೂಸು ಲಕ್ಷಣವಾಗಿದ್ದು" ಎಂದರು. ನಮ್ಮ ಕಡೆ ಮದುವೆಗೆ ಬಂದ ಹುಡುಗಿಯೂ ಕೂಸೇ. ಮುಂದುವರಿಸಿದರು: "ಹಿಂದೆ ಬರದ್ದನ್ನೂ ಓದಿದ್ಯ. ಹುಳ ಬಿದ್ದಿತ್ತು ಹೇಳಿ ಇದ್ದು. ಈಗ ಪೂರಾ ಗುಣ ಆಜಾ?"

ನಾನು ಯಾವ ಹುಳ ಎಂದೆ. ಅವರು ಕನ್ನಡಕ ಹಾಕಿಕೊಂಡು ಓದಿಯೇ ಹೇಳಿದರು: 'ಎರಡು ಸಲ ಬೇರೆ ಕಡೆ ಕೊಟ್ಟು ವಾಪಸು ತಂದದ್ದು. ಹುಳ ಬಿದ್ದಿತ್ತು, ಬೇವಿನೆಣ್ಣೆ ಹೊಡೆದ ಮೇಲೆ ಸುಧಾರಿಸಿದೆ. ಬಿಸಿಲು ತಡೆಯದು. ನೀರು ಹೆಚ್ಚು ಕೇಳುತ್ತದೆ. ಜಾಗವಿದ್ದರೆ ಒಯ್ಯಬಹುದು.'

"ಹುಳದ್ದು ಇರ್ಲಿ," ಎಂದರು, "ಎರಡು ಸಲ ಕೊಟ್ಟಿದ್ದು ಹೇಳಿದ್ರೆ ಎಂತದು ಹೇಳಿ ನಮ್ಮನೆಯವ್ಕೆ ಅರ್ಥ ಆಗ್ತಾ ಇಲ್ಲೆ."

ಅದು ಗಿಡದ ವಿಷಯ ಎಂದು ವಿವರಿಸುವಷ್ಟರಲ್ಲಿ ನನ್ನ ಅಂಗಿ ಒದ್ದೆಯಾಗಿತ್ತು. ಅವರು ನಗಲಿಲ್ಲ. "ಹಂಗಾರೆ ಕೂಸಿನ ವಿಷಯ ಬರದ್ದು ಎಲ್ಲಿ ಹೋತು?" ಎಂದು ಕೇಳಿದರು, ನ್ಯಾಯವಾಗಿಯೇ.

ಅದು ಮರುದಿನದ ಟಪಾಲಿನಲ್ಲಿ ದೊಡ್ಮನೆಯಿಂದ ಬಂತು. ಆಂಥೂರಿಯಂ ಫೋಟೋವನ್ನು ಗಣಪತಣ್ಣ ಚೀಟಿಯೊಂದಿಗೆ ಮರಳಿಸಿದ್ದ. ಹಿಂಬದಿಯಲ್ಲಿ ನನ್ನದೇ ಅಕ್ಷರ: 'ಬಿ.ಕಾಂ. ಮೊದಲ ದರ್ಜೆ. ಚೆನ್ನಾಗಿ ಹಾಡುತ್ತಾಳೆ.' ಇದನ್ನು ಓದಿಯೂ ಆ ಸಜ್ಜನ ಬರೆದಿದ್ದ: 'ಎಲೆಯ ನಿಲುವಿನಲ್ಲೇ ವಿದ್ಯೆ ಕಾಣುತ್ತದೆ.'

"ಕೂಸಿಗೆ ಬೇವಿನೆಣ್ಣೆ ಹೊಡದ್ದು ಇಷ್ಟೊತ್ತಿಗೆ ಇಡೀ ಇಡಗುಂದಿಗೆ ಗೊತ್ತಾಗಿಕ್ಕು" ಎಂದು ಸರಸ್ವತಿ ಒಳಗೆ ಹೋದಳು. ಸುಮಾ ಫೋಟೋದ ಬೆನ್ನನ್ನು ಎರಡು ಸಲ ಓದಿದಳು. ಅವಳ ಬಗ್ಗೆ ಇದ್ದದ್ದು ಒಂದೇ ಸಾಲು. ಎರಡು ಸಲ ಓದುವಂಥದ್ದೇನೂ ಇರಲಿಲ್ಲ.

"ಆನು ಹಾಡದು ಬಿಟ್ಟು ಐದು ವರ್ಷ ಆತು ಅಪ್ಪಾ" ಎಂದಳು.

ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ನಾಳೆ ರಜೆ ಎನ್ನುವಂತೆ ಹೇಳಿದಳು. ಏಕೆ ಬಿಟ್ಟೆ ಎಂದೆ. ಹತ್ತನೇ ಕ್ಲಾಸಿನಲ್ಲಿ ಗಂಟಲು ಬಿದ್ದಿತ್ತಂತೆ, ಆಮೇಲೆ ಮನಸ್ಸಾಗಲಿಲ್ಲವಂತೆ. ನಾನು ಮೆಟ್ಟಿಲ ಮೇಲೆ ಅವಳ ಪಕ್ಕ ಕೂತೆ. ಮತ್ತೇನು ನನಗೆ ಗೊತ್ತಿಲ್ಲ ಎಂದು ಕೇಳಿದೆ. ಧಾರವಾಡದಲ್ಲಿ ಎಂ.ಕಾಂ. ಓದುವ ಆಸೆಯಂತೆ. ಅರ್ಜಿಯನ್ನೂ ತರಿಸಿಟ್ಟಿದ್ದಳು. ಮೊದಲೇ ಹೇಳಬಾರದಿತ್ತೇ ಎಂದರೆ, "ನೀ ಕೇಳಿದ್ರೆ ಹೇಳ್ತಿದ್ದೆ" ಎಂದಳು.

ಇಡಗುಂದಿಗೆ ಇದ್ದದ್ದನ್ನು ಇದ್ದಂತೆ ಬರೆದೆ. ಆ ತಾಯಿ ಮತ್ತೆ ಫೋನು ಮಾಡಿ, "ಓದ್ಲಿ, ಒಳ್ಳೆದಾತು. ಯಂಗ ಬೇರೆ ಕಡೆ ನೋಡ್ತ್ಯ" ಎಂದರು. ಸಂಬಂಧ ಅಲ್ಲಿಗೆ ಮುಗಿಯಿತು. ಸುಮಾಳಿಗೆ ಧಾರವಾಡದಲ್ಲಿ ಸೀಟು ಸಿಕ್ಕಿತು.

ಗಿಡಕ್ಕೆ ಬಾಯಿಲ್ಲವೆಂದು ನಾವು ಅದನ್ನು ದಿನಾ ಬಗ್ಗಿ ನೋಡುತ್ತೇವೆ. ಮಕ್ಕಳಿಗೆ ಬಾಯಿದೆ, ಬೇಕಾದರೆ ಹೇಳುತ್ತಾರೆ ಎಂದು ನೋಡುವುದನ್ನೇ ಬಿಟ್ಟಿರುತ್ತೇವೆ. ಈ ಜ್ಞಾನೋದಯ ನನಗೆ ಪೂರ್ತಿಯಾಗಿ ಆಗಿದೆ ಎಂದೇ ತಿಳಿದಿದ್ದೆ.

ಅವಳು ಹೊರಡುವ ಹಿಂದಿನ ದಿನ ಮಧ್ಯಾಹ್ನ ಹಾಗಲಕಾಯಿ ಗೊಜ್ಜು. ಎಂದಿನಂತೆ ಅವಳ ಬಟ್ಟಲಿನದನ್ನು ನನ್ನ ಬಟ್ಟಲಿಗೆ ಸುರಿದುಕೊಂಡೆ. ಕಹಿ ಅವಳಿಗೆ ಸೇರುವುದಿಲ್ಲ.

"ಅಪ್ಪಾ," ಎಂದಳು ಸುಮಾ, "ಹಾಗಲಕಾಯಿ ಯನಗೆ ಇಷ್ಟ."