ವಿಮಾನಕ್ಕೆ ಉಡಿ

ಬೆಳಗಾವಿಯ ಬೇಸಿಗೆ ವಿಮಾನ ಪ್ರದರ್ಶನಕ್ಕೆ ಬೈಲಹೊಂಗಲದಿಂದ ಸ್ವಯಂಸೇವಕಿಯರಾದ ನಮ್ಮನ್ನು ಕಾವಲಿಗೆ ಕರೆಸಿದ್ದರು. ಹಳೆಯ ಯುದ್ಧವಿಮಾನದ ಸುತ್ತ ಕಟ್ಟಿದ ಹಗ್ಗದ ಬಳಿ ನಾನು ನಿಲ್ಲಬೇಕು. ಯಾರೂ ಅದನ್ನು ದಾಟಬಾರದು, ಆಚೆ ಒಂದು ಕಡ್ಡಿಯೂ ಬೀಳಬಾರದು. ಇಂಜಿನ್ನು ಕಸ ಒಳಗೆಳೆದುಕೊಂಡರೆ ಅಪಾಯ.

ಮುರಗೋಡದಿಂದ ಬಂದಿದ್ದ ಅಜ್ಜಿಯೊಬ್ಬರು ನನ್ನ ಮುಂದೆ ಚೀಲ ಬಿಚ್ಚಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಒಂದು ಖಣ.

"ನಮ್ಮನಿಯವ್ರು ಇದರ ಮೆಕ್ಯಾನಿಕ್ ಇದ್ರವ್ವಾ. ಮಗಳಂಗ ನೋಡ್ಕೊತಿದ್ರು. ಇವತ್ತ ಕಡೀ ಸಲ ಹಾರತೈತಂತ. ಮನಿ ಮಗಳನ್ನ ಉಡಿ ತುಂಬದ ಹೆಂಗ ಕಳಸೂದು? ಅವ್ರು ತೀರಕೊಂಡ ಮ್ಯಾಲೆ ನಾ ತುಂಬೂಹಂಗಿಲ್ಲ. ನೀ ಮುತ್ತೈದಿ, ನೀನ ತುಂಬು."

"ಅಕ್ಕಿ ಹಗ್ಗ ದಾಟೂಹಂಗಿಲ್ರಿ, ಅಜ್ಜಿ."

ಅವರು ಜಗಳ ಮಾಡಲಿಲ್ಲ. ಚೀಲದ ಬಾಯಿ ಕಟ್ಟತೊಡಗಿದರು. ಅದನ್ನು ನೋಡಲಾಗದೆ ನನ್ನ ಓಢಣಿ ಒಡ್ಡಿದೆ.

"ಅದರ ಬದ್ಲಿ ನನಗ ತುಂಬ್ರಿ. ನಿಮ್ಮ ಕೈಲೆ ತುಂಬ್ರಿ."

"ನನ್ನ ಕೈಲೆ? ಬ್ಯಾಡವ್ವಾ, ನಡ್ಯಂಗಿಲ್ಲ."

"ನನಗ ಈ ಹಗ್ಗದ್ದೊಂದ ರೂಲ್ ಹೇಳ್ಯಾರ್ರಿ. ಬ್ಯಾರೆ ರೂಲ್ ಯಾರೂ ಹೇಳಿಲ್ಲ."

ಅಜ್ಜಿ ಚೀಲದ ಬಾಯಿ ಮತ್ತೆ ಬಿಚ್ಚಿದರು. ಆಮೇಲೆ ಬೊಗಸೆಯಲ್ಲಿ ಐದು ಸಲ ತುಂಬಿದರು. ಖಣ ಇಡುವಾಗ ಅವರ ಕಣ್ಣು ವಿಮಾನದ ಮೇಲಿತ್ತು.

ಸ್ವಲ್ಪ ಹೊತ್ತಿಗೆ ಅದು ಗುಡುಗುತ್ತ ಮೇಲೆದ್ದಿತು. ಅಜ್ಜಿ ಕೈ ಮುಗಿದರು. ನೆರೆದ ಜನವೆಲ್ಲ ಎದ್ದು ಕೈ ಬೀಸಿತು. ನನಗೊಬ್ಬಳಿಗೇ ಬೀಸಲಾಗಲಿಲ್ಲ. ಒಂದು ಕಾಳೂ ಕೆಳಗೆ ಬೀಳದಂತೆ ಎರಡೂ ಕೈಯಲ್ಲಿ ಓಢಣಿ ಹಿಡಿದು ನಿಂತಿದ್ದೆನಲ್ಲ.