ಗುಂಡುತೋಪು ಬಳಿಯುತ್ತಿದ್ದ ದೊಡ್ಡಮ್ಮ

ಎದುರು ಮನೆ ದೊಡ್ಡಮ್ಮನಿಗೆ ಹುಚ್ಚು ಹಿಡಿದಿತ್ತು ಅಂತ ಊರಲ್ಲಿ ಈಗಲೂ ಅನ್ನುತ್ತಾರೆ. ಸುಳ್ಳು. ಜೊತೆಗೆ ಕೂತು ಮಾತಾಡೋಕೆ ಅವರಿಗೆ ನಾಲ್ಕು ಜನ ಬೇಕಿತ್ತು, ಅಷ್ಟೇ.

ಕುಳ್ಳಗಿನ ಹೆಂಗಸು. ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ತೋಪಿನಲ್ಲಿ ಯಾರೋ ಎಸೆದಿದ್ದ ಒಡಕು ಸೀಸೆ ಅದನ್ನು ಕಿತ್ತುಕೊಂಡಿತ್ತು. ಗಂಡ ಸತ್ತು ಎಷ್ಟೋ ವರ್ಷವಾಗಿತ್ತು. ಮಕ್ಕಳಿರಲಿಲ್ಲ.

ಮೇಲೂರಿನ ಹತ್ತಿರದ ಆ ಊರಿಗೆ ನಾನು ಸೊಸೆಯಾಗಿ ಬಂದಾಗ ಇನ್ನೂ ಮೈಸೂರು ರಾಜ್ಯ. ನಮ್ಮ ಮನೇಲಿ ರೇಷ್ಮೆ ಚರಕ. ಗೂಡು ಬೇಯಿಸಿ ನೂಲು ತೆಗೆದ ಮೇಲೆ ಸತ್ತ ಹುಳ ಉಳಿಯುತ್ತೆ. ಎರಡು ದಿನ ಬಿಟ್ಟರೆ ಹೆಣದ ನಾತ. ಚರಕದ ಮನೆಯವರೆಲ್ಲ ಅದನ್ನು ಊರ ಗುಂಡುತೋಪಿನಲ್ಲಿ ಸುರಿಯುತ್ತಿದ್ದೆವು. ಸುರಿಯಕೂಡದು ಅಂತ ಪಂಚಾಯ್ತಿಯವರು ತಮಟೆ ಹೊಡೆಸಿದ್ದರು. ಕೇಳಿದವರು ಯಾರು? ನಮ್ಮನೆ ಮಂಕರಿ ಹೊತ್ತು ಸುರಿಯುತ್ತಿದ್ದವಳು ನಾನೇ.

ಮುಂಚೆ ಮಧ್ಯಾಹ್ನದ ಹೊತ್ತು ಹೆಂಗಸರು ತೋಪಿನ ಹುಣಸೆ ಮರಗಳ ನೆರಳಲ್ಲಿ ಕೂತು ಹೇನು ನೋಡಿಕೊಂಡು, ಅತ್ತೆಯರನ್ನು ಬೈದುಕೊಂಡು ಇರುತ್ತಿದ್ದರಂತೆ. ನಾತ ಎದ್ದ ಮೇಲೆ ಯಾರೂ ಆ ಕಡೆ ಸುಳಿಯಲಿಲ್ಲ. ಜಾಗ ಚೊಕ್ಕಟವಾದರೆ ಮತ್ತೆ ಬರುತ್ತಾರೆ ಅಂತ ದೊಡ್ಡಮ್ಮನ ನಂಬಿಕೆ. ದಿನಾ ಒಬ್ಬರೇ ಆ ಹುಳವನ್ನೆಲ್ಲ ಬಳಿದು, ಕೆರೆ ಕಟ್ಟೆಯಾಚೆ ಒಯ್ದು ಗುಂಡಿ ತೋಡಿ ಮುಚ್ಚುತ್ತಿದ್ದರು. ಮೂಗಿಗೆ ಸೆರಗು ಅಡ್ಡ ಹಿಡಿದವರಲ್ಲ. ಹಿಡಿದವರನ್ನು ಕಂಡರೆ, "ನಿನ್ನ ಧಾರೆ ಸೀರೆಗೆ ನೂಲು ಕೊಟ್ಟಿದ್ದು ಇದೇ ಹುಳ ಅಲ್ಲವೇನೇ?" ಅನ್ನುತ್ತಿದ್ದರು.

ಒಂದು ಸಲ ಗ್ರಾಮಸೇವಕರು ಅಲ್ಲಿ ಶ್ರಮದಾನ ಮಾಡಿಸಿದರು. ದೊಡ್ಡ ಸಾಹೇಬರು ಬರುತ್ತಾರೆ ಅಂತ ಊರಿಗೆ ಊರೇ ಬಂತು. ದೊಡ್ಡಮ್ಮ ಒಂದು ಹಂಡೆ ಪಾನಕ ಮಾಡಿ ಎಲ್ಲರಿಗೂ ಹುಯ್ದರು. ಅವತ್ತು ಅವರ ಬಾಯಿ ನಿಲ್ಲಲೇ ಇಲ್ಲ. ಗ್ರಾಮಸೇವಕರ ಸಣಕಲು ತೋಳು ನೋಡಿ, ಗುದ್ದಲಿ ನೀನು ಎತ್ತುತಾ ಇದೀಯೋ, ಗುದ್ದಲಿ ನಿನ್ನ ಎತ್ತುತಾ ಇದೆಯೋ ಅಪ್ಪಯ್ಯ ಅಂತ ಕೇಳಿ ಎಲ್ಲರನ್ನೂ ನಗಿಸಿದರು. ನಾವು ಮಾಡಿದ್ದೇನು? ಮುಂದಿದ್ದ ಗುಡ್ಡೆಯನ್ನು ಮರಗಳ ಹಿಂದಕ್ಕೆ ತಳ್ಳಿದೆವು.

ಮುಂದಿನ ವಾರವೂ ದೊಡ್ಡಮ್ಮ ಪಾನಕ ಮಾಡಿಕೊಂಡು ತೋಪಿನಲ್ಲಿ ಕೂತರು. ಹೊತ್ತು ನೆತ್ತಿಗೆ ಬಂದರೂ ಯಾರೂ ಹೋಗಲಿಲ್ಲ. ನೀರಿಗೆ ಹೋಗುವಾಗ ನೋಡಿದೆ. ನಾನೂ ಹೋಗಲಿಲ್ಲ.

ಒಂದು ಬೆಳಿಗ್ಗೆ ಸುರಿಯುವಾಗ ಅವರ ಕೈಗೆ ಸಿಕ್ಕಿಬಿದ್ದೆ. ಬೈಯುತ್ತಾರೆ ಅಂತ ನಿಂತೆ.

"ನೀನು ಸುರಿ ಕಣಮ್ಮ, ಬೇಡ ಅನ್ನಲ್ಲ. ಒಂದು ಗಳಿಗೆ ಕೂತು ಹೋಗು," ಅಂದರು.

ಒಲೆ ಮೇಲೆ ನೀರಿಟ್ಟು ಬಂದಿದೀನಿ ಅಂದೆ. ಇಟ್ಟಿರಲಿಲ್ಲ.

ಆ ಮಳೆಗಾಲದಲ್ಲಿ ಒಂದು ದಿನ ತೋಪಿಗೆ ಹೋದರೆ, ನಿನ್ನೆ ಸುರಿದದ್ದು, ಮೊನ್ನೆ ಸುರಿದದ್ದು ಎರಡೂ ಗುಡ್ಡೆ ಹಾಗೇ ಬಿದ್ದಿದ್ದವು. ತುಂಬಿದ ಮಂಕರಿ ಅಲ್ಲೇ ಇಳಿಸಿ ಓಡಿ ಬಂದು ಅವರ ಬಾಗಿಲು ತಳ್ಳಿದೆ. ಚಾಪೆ ಮೇಲೆ ಮಲಗಿದ್ದರು. ಮೈ ತಣ್ಣಗಾಗಿತ್ತು. ಜ್ವರ ಬಂದಿತ್ತೋ ಏನೋ, ಎದುರು ಮನೆಯ ನನಗೇ ಗೊತ್ತಿಲ್ಲ.

ಅವತ್ತು ಅವರ ಜಗಲಿ ತುಂಬ ಹೆಂಗಸರು ಕೂತರು. ಸಂಜೆವರೆಗೂ ಮಾತಾಡಿದರು.

ಮಾರನೆಯ ಬೆಳಿಗ್ಗೆ ಮಂಕರಿ ತರೋಕೆ ತೋಪಿಗೆ ಹೋದೆ. ಇಳಿಸಿದ ಕಡೆಯೇ ತುಂಬಿಕೊಂಡು ಕೂತಿತ್ತು. ಆ ಎರಡು ಗುಡ್ಡೆಗಳ ಪಕ್ಕ ಬೋರಲು ಹಾಕಿ, ಖಾಲಿ ಮಂಕರಿ ಎತ್ತಿಕೊಂಡು ಮನೆಗೆ ಬಂದೆ.